ಮಿಲ್ಟ್ರಿ ಅಯ್ನೋರು

ಹೊಳಲ್ಕೆರೆ ಕಡೆ ನನ್ನನ್ನು ಈಗಲೂ ಕರೆಯುವುದು ಮಿಲ್ಟ್ರಿ ಅಯ್ನೋರು ಅಂತಲೇ. ಗಂಟೆ ಅಲ್ಲಾಡಿಸೋಕೂ ಸರ್ಕಾರ ಸಂಬಳ ಕೊಡುತ್ತಾ ಎಂದು ಕೇಳಿದವರಿದ್ದಾರೆ. ಕೊಡುತ್ತದೆ. ಭೂಸೇನೆಯಲ್ಲಿ ಧರ್ಮಗುರು ಎಂಬುದೊಂದು ಹುದ್ದೆ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಯಾರೇ ಆಗಲಿ, ಸೇರುವುದು ನಾಯಬ್ ಸುಬೇದಾರ್ ಆಗಿ. ಪಂಡಿತನಾಗಲು ಸಂಸ್ಕೃತದ ಪದವಿ ಸಾಲದು. ಈಗಿನ ನಿಯಮದಂತೆ 1600 ಮೀಟರನ್ನು 8 ನಿಮಿಷದಲ್ಲಿ ಓಡಬೇಕು. ಪಂಚೆ ಉಟ್ಟು ಬೆಳೆದವರಿಗೆ ವ್ಯಾಕರಣಕ್ಕಿಂತ ಇದೇ ಕಷ್ಟ.

ಪುಣೆಯಲ್ಲಿ ಸೈನ್ಯದ್ದೇ ರಾಷ್ಟ್ರೀಯ ಏಕತಾ ಸಂಸ್ಥೆಯಿದೆ. ಎಲ್ಲ ಧರ್ಮದ ಗುರುಗಳಿಗೂ ತರಬೇತಿ ಅಲ್ಲೇ. ಮುಂದೆ ಯೂನಿಟ್ಟಿಗೆ ಹೋದರೆ ಎಷ್ಟೋ ಕಡೆ ಒಂದೇ ಸೂರಿನಡಿ ಸರ್ವಧರ್ಮ ಸ್ಥಳ. ಭಾನುವಾರ ಮಂದಿರ ಪರೇಡಿಗೆ ಸಾಹೇಬರು ಯಾವ ಧರ್ಮದವರಾದರೂ ಜವಾನರ ಪಕ್ಕ ನೆಲದ ಮೇಲೆ ಕೂರುತ್ತಾರೆ. ತರಬೇತಿ ಮುಗಿಸಿದ ಹುಡುಗರಿಗೆ ಕಸಂ ಪರೇಡಿನಲ್ಲಿ ಅವರವರ ಧರ್ಮಗ್ರಂಥದ ಮುಂದೆ ಪ್ರತಿಜ್ಞೆ ಮಾಡಿಸುವವರೂ ನಾವೇ. ಹೊರಗಿನವರಿಗೆ ಕಾಣುವುದು ಇಷ್ಟು.

ನಮ್ಮ ಕರ್ತವ್ಯಪಟ್ಟಿಯಲ್ಲಿ ಬೇರೆಯವೂ ಇವೆ: ಅಂತ್ಯಸಂಸ್ಕಾರ, ಆಸ್ಪತ್ರೆಯಲ್ಲಿ ಮಲಗಿದವರ ಭೇಟಿ, ಶಿಕ್ಷೆ ಅನುಭವಿಸುತ್ತಿರುವವರ ಭೇಟಿ. ನಾನು ಕೆಲಸ ಕಲಿತದ್ದು ಈ ಕೊನೆಯದರಲ್ಲಿ.

ಹಿರಿಯೂರು ಸೀಮೆಯ ಹುಡುಗನೊಬ್ಬ ರಜೆ ಮುಗಿದರೂ ಬಾರದೆ ತಡವಾಗಿ ಬಂದು ಕ್ವಾರ್ಟರ್ ಗಾರ್ಡಿನ ಕೋಣೆ ಸೇರಿದ್ದ. ಬೆಲ್ಟು, ಬೂಟಿನ ಲೇಸು ಎರಡೂ ಬಿಚ್ಚಿಸಿದ್ದರು. ನಾನು ಪ್ರಸಾದ ಕೊಟ್ಟೆ, ತೆಗೆದುಕೊಂಡು ಪಕ್ಕಕ್ಕಿಟ್ಟ. ಗೀತೆಯ ಮಾತು ತೆಗೆಯುವ ಮನಸ್ಸಾಗಲಿಲ್ಲ, ಸುಮ್ಮನೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವನೇ ಕೇಳಿದ: “ಮಾರಿಕಣಿವೇಲಿ ಈಗ ಎಷ್ಟಡಿ ನೀರೈತೆ ಸ್ವಾಮಿ?” ಅಲ್ಲಿಂದ ಬಾಯಿ ಬಿಟ್ಟಿತು. “ಮೂರನೇ ಬೋರೂ ಫೇಲಾಯ್ತು. ಅಪ್ಪ ಊಟ ಬಿಟ್ಟು ಮಲಗಿದ್ರು. ಹೆಂಗೆ ಬಿಟ್ಟು ಬರ್ಲಿ ಹೇಳ್ರಿ.”

1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ. ಆ ನಡುವೆ ಹುಟ್ಟಿ ಬೆಳೆದವರಿಗೆ ನೀರಿನ ಲೆಕ್ಕ ಬಾಯಿಪಾಠ. ನಮ್ಮ ಸೀಮೆಯವನಾದ್ದರಿಂದ ಆ ಪ್ರಶ್ನೆಯ ಭಾರ ನನಗೆ ತಿಳಿಯಿತು. ಇದನ್ನೆಲ್ಲ ಕಂಪನಿ ಕಮಾಂಡರಿಗೆ ಯಾಕೆ ಹೇಳಲಿಲ್ಲ ಅಂದರೆ, ಸಾಹೇಬರ ಮುಂದೆ ಸಾವಧಾನ್ ನಿಂತಾಗ ಹಿಂದಿ ಹೊರಡಲಿಲ್ಲವಂತೆ. ಅವನನ್ನು ಕೇಳಿಯೇ ಹೋಗಿ ನಾನು ಹೇಳಿದೆ. ಶಿಕ್ಷೆ ಒಂದು ದಿನವೂ ಕಡಿಮೆಯಾಗಲಿಲ್ಲ, ಆಗಲೂಬಾರದು. ಆದರೆ ಶಿಕ್ಷೆ ಮುಗಿದ ಮೇಲೆ ರಜೆ ಸಿಕ್ಕಿತು, ಸಾಲದ ಕಾಗದ ನೋಡಲು ಒಬ್ಬ ಹವಾಲ್ದಾರರೂ ಸಿಕ್ಕರು. ಧರ್ಮಗುರುವಿಗೆ ಕಂಠಕ್ಕಿಂತ ಕಿವಿ ಚುರುಕಿರಬೇಕು ಅಂತ ಆಮೇಲೆ ಬಂದ ಕಿರಿಯರಿಗೆಲ್ಲ ಹೇಳಿದ್ದೇನೆ. ಪುಣೆಯ ಪಾಠ ಅವರಿಗೆ ಹೇಗೂ ಸಿಗುತ್ತದೆ.

ಆಸ್ಪತ್ರೆಯಲ್ಲೂ ಇದೇ. ಕಾಲು ಕಳೆದುಕೊಂಡವನು ದೇವರು ಯಾಕೆ ಹೀಗೆ ಮಾಡಿದ ಅಂತ ಕೇಳಿದ್ದು ಕಡಿಮೆ. ಮನೆಗೆ ಯಾರು ತಿಳಿಸಿದರು, ಏನಂತ ತಿಳಿಸಿದರು ಅಂತ ಕೇಳುತ್ತಿದ್ದ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಗೃಹಪ್ರವೇಶ, ಲಗ್ನಗಳಿಗೆ ಕರೆಯುತ್ತಾರೆ, ಹೋಗುತ್ತೇನೆ. ಹೆಚ್ಚು ಹೊತ್ತು ಹೋಗುವುದು ಮಾತ್ರ ಕಾಗದದಲ್ಲಿ. ಹೊಸದುರ್ಗದ ಹಳ್ಳಿಯೊಂದರ ಅಜ್ಜಿ, ಸಿಪಾಯಿಯ ಹೆಂಡತಿ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಚಿತ್ರದುರ್ಗಕ್ಕೆ ಅಲೆದು ಸುಸ್ತಾಗಿದ್ದರು. ಸೀರೆಯ ಗಂಟಿನಿಂದ ಒಂದೊಂದೇ ಕಾಗದ ಬಿಚ್ಚಿದರು. ಆಧಾರಿನಲ್ಲಿ ಹೆಸರಿನ ಮುಂದೆ ಊರು ಸೇರಿಕೊಂಡಿದೆ, ಪಿಂಚಣಿ ಆದೇಶದಲ್ಲಿ ಅದಿಲ್ಲ. ಹುಟ್ಟಿದ ತಾರೀಖು ಒಂದರಲ್ಲಿ ಇಸವಿ ಮಾತ್ರ. “ನಾನು ನಾನೇ ಅಂತ ನಾನೇ ಹೆಂಗೆ ತೋರಿಸ್ಲಿ ಅಯ್ನೋರೇ?” ಅಂದರು. ಅಫಿಡವಿಟ್ ಬರೆಸಿ ರೆಕಾರ್ಡ್ಸ್ ಆಫೀಸಿಗೆ ರಿಜಿಸ್ಟರ್ಡ್ ಅಂಚೆ ಹಾಕಿದೆವು. ತಿಂಗಳುಗಟ್ಟಲೆ ಹಿಡಿಯಿತು, ಕೊನೆಗೆ ಬಂತು.

ಮಾಜಿ ಸೈನಿಕರ ಮನೆಯವರು ಇದನ್ನು ಓದುತ್ತಿದ್ದರೆ ಇವತ್ತೇ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಒಟ್ಟಿಗೆ ಹರಡಿ ನೋಡಿ. ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಒಂದಕ್ಕೊಂದು ಹೊಂದದಿದ್ದರೆ ಯಜಮಾನರು ಇರುವಾಗಲೇ ಅವರ ಕೈಯಲ್ಲೇ ರೆಕಾರ್ಡ್ಸ್ ಆಫೀಸಿಗೆ ಬರೆಸಿ ಸರಿಮಾಡಿಸಿ.