ಎಂಟಂಕಿಯ ಸಂಖ್ಯೆಗೆ ಆರು ಸೂತ್ರ

ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಎಂಟಂಕಿಯ ಸಂಖ್ಯೆ ಕಂಡ ಕೂಡಲೇ ಭಾಗಾಕಾರಕ್ಕೆ ಕೈ ಹಾಕುವವರೇ ಹೆಚ್ಚು. ಸಮಯ ಸೋರುವುದು ಅಲ್ಲೇ. ಮೊದಲು ಅವಿಭಾಜ್ಯ ಅಪವರ್ತನಗಳನ್ನು ಬಿಡಿಸಿಕೊಳ್ಳಿ, ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅವುಗಳೊಳಗೇ ಇದೆ. 7,35,13,440ನ್ನು ಹಿಡಿದು ನೋಡೋಣ.

1. ಬಾಲದಿಂದ ಶುರು ಮಾಡಿ. ಕೊನೆಗೆ ಸೊನ್ನೆ ಇದೆ, 2 ಮತ್ತು 5 ಸಿಕ್ಕವು. ಕೊನೆಯ ಎರಡಂಕಿ 4ಕ್ಕೆ, ಮೂರಂಕಿ 8ಕ್ಕೆ, ನಾಲ್ಕಂಕಿ 16ಕ್ಕೆ, ಐದಂಕಿ 32ಕ್ಕೆ ಸಾಕ್ಷಿ. 13,440 ಎಂದರೆ 32×420. ಆದರೆ 5,13,440 ಅನ್ನು 64 ಭಾಗಿಸದು. ಅಲ್ಲಿಗೆ 2ರ ಘಾತ 5.

2. ಅಂಕಿಗಳ ಮೊತ್ತವನ್ನು 9ರ ತನಕ ಮಾತ್ರ ನಂಬಿ. ಇಲ್ಲಿ ಮೊತ್ತ 27, ಹಾಗಾಗಿ 9 ಖಚಿತ. ಅದನ್ನೇ ನೋಡಿ 27 ಕೂಡ ಭಾಗಿಸುತ್ತದೆ ಎಂದು ಗುರುತು ಹಾಕಿದರೆ ಕೆಟ್ಟಿರಿ: 1,899ರ ಮೊತ್ತವೂ 27, ಆದರೆ ಅದನ್ನು 27 ಭಾಗಿಸುವುದಿಲ್ಲ. ಕೋಟಿ, ಲಕ್ಷದ ಅಲ್ಪವಿರಾಮ ಮರೆತು ಬಲದಿಂದ ಮೂರು ಮೂರು ಅಂಕಿ ಕೂಡಿಸಿ: 440+513+73=1,026. ಇದು 27×38. 999 ಎಂಬುದು 27×37 ಆದ್ದರಿಂದಲೇ ಈ ಉಪಾಯ ನಡೆಯುತ್ತದೆ.

3. 1,001ನ್ನು ಬಾಯಿಪಾಠ ಮಾಡಿ. ಅದು 7×11×13. ಅದೇ ಮೂರು ತುಂಡುಗಳನ್ನು ಈಗ ಒಂದು ಬಿಟ್ಟು ಒಂದು ಕಳೆಯಿರಿ: 440−513+73=0. ಒಂದೇ ಏಟಿಗೆ ಮೂರು ಅಪವರ್ತನ! ಇಡೀ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಂಡೇನು. ಭಾಗಿಸಿದರೆ ಉಳಿಯುವುದು 73,440. ಅದರಿಂದ 32, 27, 5 ತೆಗೆದರೆ ಕೈಯಲ್ಲಿ 17. ಒಟ್ಟಿಗೆ ಬರೆದರೆ 2⁵×3³×5×7×11×13×17.

4. ಭಾಜಕಗಳನ್ನು ಪಟ್ಟಿ ಮಾಡುತ್ತ ಕೂರಬೇಡಿ. ಪ್ರತಿ ಘಾತಕ್ಕೂ 1 ಕೂಡಿಸಿ ಗುಣಿಸಿ: 6×4×2×2×2×2×2=768. ಹತ್ತು ಕೋಟಿಯೊಳಗಿನ ಯಾವ ಸಂಖ್ಯೆಗೂ ಇದಕ್ಕಿಂತ ಹೆಚ್ಚು ಭಾಜಕಗಳಿಲ್ಲ. ತನಗಿಂತ ಚಿಕ್ಕ ಎಲ್ಲ ಸಂಖ್ಯೆಗಳನ್ನೂ ಭಾಜಕಗಳ ಲೆಕ್ಕದಲ್ಲಿ ಮೀರಿಸುವ ಇಂಥವುಗಳ ಮೇಲೆ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಇವುಗಳಲ್ಲಿ ಘಾತಗಳು ಮುಂದೆ ಹೋದಂತೆ ಏರುವುದಿಲ್ಲ, ಕೊನೆಯ ಘಾತ ಯಾವಾಗಲೂ 1. ಅದಕ್ಕೆ ಹೊರತು 4 ಮತ್ತು 36 ಮಾತ್ರ. (ಅವರು ಕೊಟ್ಟ ಉದ್ದ ಪಟ್ಟಿಯಲ್ಲೂ ಒಂದು ಸಂಖ್ಯೆ ತಪ್ಪಿಹೋಗಿತ್ತು!)

5. ವರ್ಗಸಂಖ್ಯೆಯೇ ಎಂದು ಕೇಳಿದರೆ ಸೊನ್ನೆ ಎಣಿಸಿ. ಕೊನೆಯಲ್ಲಿ ಒಂಟಿ ಸೊನ್ನೆ ಇದ್ದರೆ ಅಲ್ಲ, ಮುಂದೆ ನೋಡುವುದೇ ಬೇಡ. ವರ್ಗವಾಗಲು ಕನಿಷ್ಠ ಎಷ್ಟರಿಂದ ಗುಣಿಸಬೇಕು? ಇಲ್ಲಿ ಏಳೂ ಘಾತಗಳು ಬೆಸ, ಹಾಗಾಗಿ ಏಳೂ ಅವಿಭಾಜ್ಯಗಳ ಗುಣಲಬ್ಧ 5,10,510 ಬೇಕು.

6. ಆಯ್ಕೆಗಳನ್ನು ಹೊಡೆದುಹಾಕಿ. ಈ ಸಂಖ್ಯೆಯನ್ನು 1ರಿಂದ 18ರವರೆಗಿನ ಎಲ್ಲವೂ ಭಾಗಿಸುತ್ತವೆ. 19 ಭಾಗಿಸದು. ಆಮೇಲೆ 20, 21, 22 ಸಲೀಸು, 23 ಇಲ್ಲ, 24 ಹೌದು. ಒಂದೇ 5 ಇರುವುದರಿಂದ 25 ಕೂಡ ಇಲ್ಲ.