ಜೇನುತುಪ್ಪ ಯಾರ ನಾಲಗೆಗೆ?

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಒಂದು ಮನೆಗೆ, ಹುಟ್ಟಿ ಹನ್ನೆರಡು ದಿನವಾಗಿದ್ದ ಮಗುವನ್ನು ಆಶೀರ್ವದಿಸಲು ಹೋಗಿದ್ದೆ. ಬರಿಗೈಯಲ್ಲಿ ಹೋಗುವುದೇಕೆಂದು ಕೊಡಗಿನಿಂದ ಬಂದಿದ್ದ ಜೇನುತುಪ್ಪದ ಬಾಟಲಿಯೊಂದನ್ನು ಒಯ್ದಿದ್ದೆ. ಅಜ್ಜಿಗೆ ಹಿಗ್ಗೋ ಹಿಗ್ಗು. "ಸ್ವಾಮಿಗಳು ತಂದ ಜೇನು, ಮೊದಲು ಮಗುವಿನ ನಾಲಗೆಗೇ ಆಗಲಿ" ಎನ್ನುತ್ತ ಬೆರಳದ್ದಿಯೇ ಬಿಟ್ಟರು. ಪಕ್ಕದಲ್ಲಿದ್ದ ಮಗುವಿನ ಚಿಕ್ಕಮ್ಮ ನರ್ಸ್. ತಟ್ಟನೆ ಕೈ ಹಿಡಿದು, "ಬೇಡಮ್ಮ, ವರ್ಷ ತುಂಬುವ ತನಕ ಜೇನು ಬೇಡವೇ ಬೇಡ" ಎಂದರು. ಅಜ್ಜಿಯ ಮುಖ ಸಪ್ಪಗಾಯಿತು. "ನನ್ನ ಆರು ಮಕ್ಕಳಿಗೂ ನೆಕ್ಕಿಸಿದ್ದೇನಲ್ಲ ಸ್ವಾಮಿ, ಅವರಿಗೇನಾಗಿದೆ?" ಎಂದು ನನ್ನತ್ತ ನೋಡಿದರು. ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದ ನನಗೆ ಉತ್ತರ ಹೊಳೆಯಲಿಲ್ಲ. ಬಾಟಲಿ ತಂದವನೂ ನಾನೇ ತಾನೆ!

ಆಮೇಲೆ ವಿಚಾರಿಸಿ ತಿಳಿದದ್ದು ಹೀಗೆ. ಮಣ್ಣು ಧೂಳುಗಳಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಎಷ್ಟೇ ಶುದ್ಧ ಜೇನಿನಲ್ಲೂ ಅವು ಇರಬಹುದು. ದೊಡ್ಡವರ ಕರುಳಿನಲ್ಲಿ ಅವುಗಳ ಆಟ ನಡೆಯದು. ಹಸುಗೂಸಿನ ಕರುಳು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಅವು ಮೊಳೆತು ವಿಷ ಉಂಟುಮಾಡುತ್ತವೆ. ಮಗುವಿಗೆ ಮಲಬದ್ಧತೆ, ಅಳು ಕ್ಷೀಣ, ಮೊಲೆ ಚೀಪಲು ಬಲವಿಲ್ಲ, ರೆಪ್ಪೆಗಳು ಜೋಲುತ್ತವೆ. ಕೊನೆಗೆ ಉಸಿರಾಟಕ್ಕೇ ಅಪಾಯ. ಇಂಥ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಸುಗೂಸುಗಳ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದೇ 1976ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಪರೂಪದ ಕಾಯಿಲೆ, ನಿಜ. ಅಜ್ಜಿಯ ಆರು ಮಕ್ಕಳು ಪಾರಾದದ್ದು ಅದಕ್ಕೇ. ಏಳನೆಯದಕ್ಕೆ ಏನೂ ಆಗದೆಂದು ಹೇಳುವವರಾರು? ಮನೆಯಲ್ಲಿ ಕುದಿಸಿದರೂ ಈ ಬೀಜಾಣು ಸಾಯದು. ಆದ್ದರಿಂದ ತಾಯಂದಿರೇ, ಬಜೆ ತೇಯ್ದು ಜೇನಿನಲ್ಲಿ ಕಲಸಿ ಕೊಡುವ ರೂಢಿಯೂ ಬೇಡ. ಬಾಣಂತಿ ತಾನು ತಿನ್ನಲು ಅಡ್ಡಿಯಿಲ್ಲ.

ಉಳಿದವರು ಸಂತೋಷವಾಗಿ ತಿನ್ನಬಹುದು. ನೀರುದೋಸೆಗೆ, ಚಪಾತಿಗೆ, ಬಾಳೆಹಣ್ಣಿಗೆ ಒಂದು ಚಮಚ ಸಾಕು. ಹಲಸಿನ ತೊಳೆಯನ್ನು ಜೇನಿನಲ್ಲಿ ಅದ್ದಿ ತಿನ್ನದವರು ಏನೋ ಕಳೆದುಕೊಂಡಿದ್ದಾರೆಂದೇ ನನ್ನ ಅಭಿಪ್ರಾಯ. ವರ್ಷ ದಾಟಿದ ಮಕ್ಕಳಿಗೆ ರಾತ್ರಿ ಕೆಮ್ಮು ಕಾಡಿದರೆ ಮಲಗುವ ಮುಂಚೆ ಅರ್ಧ ಚಮಚ ಜೇನು ಗಂಟಲಿಗೆ ಹಿತ; ಇದನ್ನು ವೈದ್ಯರೂ ಒಪ್ಪುತ್ತಾರೆ. ಆದರೆ ಸಕ್ಕರೆ ಕಾಯಿಲೆಯವರು "ಇದು ಸಕ್ಕರೆಯಲ್ಲವಲ್ಲ" ಎಂದು ಸುರಿದುಕೊಳ್ಳಬಾರದು. ಜೇನಿನ ಐದರಲ್ಲಿ ನಾಲ್ಕು ಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಸೂಚಿಸಿದಾಗ ಜೇನನ್ನೂ ಅದೇ ಲೆಕ್ಕಕ್ಕೆ ಸೇರಿಸಿತು: ದೊಡ್ಡವರಿಗೆ ಎಲ್ಲ ಸೇರಿ ದಿನಕ್ಕೆ ಸುಮಾರು 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು. ಜೇನನ್ನು ಅತಿಯಾಗಿ ತಿನ್ನಬೇಡವೆಂಬ ಬುದ್ಧಿಮಾತು ಜ್ಞಾನೋಕ್ತಿಗಳ ಗ್ರಂಥದ 25ನೇ ಅಧ್ಯಾಯದಲ್ಲೇ ಇದೆ.

ಆ ಮಗುವಿಗೆ ಮೊನ್ನೆ ವರ್ಷ ತುಂಬಿತು. ಅಜ್ಜಿ ಬಾಟಲಿಯನ್ನು ಜೋಪಾನವಾಗಿಟ್ಟಿದ್ದರು. ತಳದಲ್ಲಿ ಬಿಳಿಯಾಗಿ ಹರಳುಗಟ್ಟಿತ್ತು. "ನಿಮಗೆ ಯಾರೋ ಸಕ್ಕರೆ ಬೆರೆಸಿ ಮೋಸ ಮಾಡಿದ್ದಾರೆ ಸ್ವಾಮಿ" ಎಂದರು. ಹರಳುಗಟ್ಟುವುದು ಜೇನಿನ ಸಹಜ ಗುಣ, ಅದರಲ್ಲಿರುವ ಗ್ಲೂಕೋಸ್ ಹಾಗೆ ಗಟ್ಟಿಯಾಗುತ್ತದೆ ಎಂದೆ. ನೀರಿಗೆ ತೊಟ್ಟು ಬಿಟ್ಟು ನೋಡುವ ಪರೀಕ್ಷೆಯನ್ನೂ ನೆಚ್ಚುವಂತಿಲ್ಲ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಕಂಪನಿಗಳ ಜೇನನ್ನು ಪರೀಕ್ಷೆಗೆ ಕಳಿಸಿದಾಗ, ಸಕ್ಕರೆ ಪಾಕದ ಬೆರಕೆಯನ್ನು ಪತ್ತೆಹಚ್ಚಲು ಪ್ರಯೋಗಾಲಯದ ದೊಡ್ಡ ಯಂತ್ರವೇ ಬೇಕಾಯಿತು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟೆವು. ಜೇನು ನಿಧಾನವಾಗಿ ತಿಳಿಯಾಯಿತು. ಅಜ್ಜಿ ನರ್ಸ್ ಕಡೆಗೊಮ್ಮೆ ನೋಡಿ, ಅವರು ತಲೆಯಾಡಿಸಿದ ಮೇಲೆಯೇ ಬೆರಳದ್ದಿದರು. ಮಗು ಚಪ್ಪರಿಸಿ ಮತ್ತೆ ಬಾಯಿ ತೆರೆಯಿತು.