ಸೋಲಾರ್ ಇದ್ದರೂ ಕತ್ತಲೆ ಏಕೆ? ಇನ್ವರ್ಟರ್, ಬ್ಯಾಟರಿ ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಲಾಕ್‌ಡೌನ್ ಸಡಿಲಗೊಂಡು 2020ರ ಅಕ್ಟೋಬರ್ 5ರಂದು ಮಹಾರಾಷ್ಟ್ರದಲ್ಲಿ ಹೋಟೆಲುಗಳಿಗೆ ಅರ್ಧದಷ್ಟು ಗಿರಾಕಿಗಳನ್ನು ಕೂರಿಸಲು ಅನುಮತಿ ದೊರೆಯಿತು. ಸರಿಯಾಗಿ ಒಂದು ವಾರಕ್ಕೆ, ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಸುಮಾರು 10 ಗಂಟೆಗೆ, ಕಳವಾ-ಪಡ್ಘಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ದೋಷ ಉಂಟಾಗಿ ಮುಂಬಯಿ, ಥಾಣೆ, ನವಿಮುಂಬಯಿಯ ಬಹುಭಾಗಕ್ಕೆ ಕರೆಂಟ್ ಹೋಯಿತು. ಲೋಕಲ್ ರೈಲುಗಳೂ ನಿಂತವು. ಆರು ತಿಂಗಳು ಗಲ್ಲಾಕ್ಕೆ ಕಾಸು ಬೀಳದಿದ್ದ ನಮ್ಮವರಿಗೆ ಅದು ಗಾಯದ ಮೇಲೆ ಬರೆ ಎಳೆದಂತಾಯಿತು.

2005ರ ನಂತರದ ವರ್ಷಗಳ ಲೋಡ್ ಶೆಡ್ಡಿಂಗ್ ಕಾಲವನ್ನು ಕಂಡ ಕಲ್ಯಾಣ್, ಡೊಂಬಿವಲಿಯ ಹೋಟೆಲಿಗರಿಗೆ ಇನ್ವರ್ಟರ್ ಹೊಸತಲ್ಲ. ಆದರೆ ಸೋಲಾರ್ ಬಂದ ಮೇಲೆ ಒಂದು ತಪ್ಪು ತಿಳಿವಳಿಕೆಯೂ ಅದರೊಡನೆ ಬಂದಿದೆ. ಚಾವಣಿಯ ಮೇಲೆ ಫಲಕ ಹಾಕಿದರೆ ಕರೆಂಟ್ ಹೋದಾಗಲೂ ಹೋಟೆಲ್ ನಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ಇದು ಎಲ್ಲ ಸೋಲಾರಿಗೂ ಅನ್ವಯಿಸುವುದಿಲ್ಲ.

ಮೂರು ಬಗೆಯ ಇನ್ವರ್ಟರ್

ಮೊದಲನೆಯದು ಗ್ರಿಡ್-ಟೈ ಇನ್ವರ್ಟರ್. ಇದು ಫಲಕದ ಕರೆಂಟನ್ನು ನೇರವಾಗಿ ಮಹಾವಿತರಣದ ಲೈನಿಗೆ ಜೋಡಿಸುತ್ತದೆ. ನಾವು ಬಳಸಿ ಉಳಿದದ್ದು ನೆಟ್ ಮೀಟರ್ ಮೂಲಕ ಹೊರಗೆ ಹೋಗಿ ಬಿಲ್ಲಿನಲ್ಲಿ ಜಮೆಯಾಗುತ್ತದೆ. ಆದರೆ ಲೈನಿನಲ್ಲಿ ಕರೆಂಟ್ ಹೋದೊಡನೆ ಇದು ತಾನಾಗಿಯೇ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲವಾದರೆ ಲೈನ್ ಸತ್ತಿದೆ ಎಂದು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಚಾವಣಿಯ ಕರೆಂಟ್ ಹೊಡೆದೀತು. ಆದುದರಿಂದ ಸುಡುಬಿಸಿಲಿದ್ದರೂ ಒಳಗೆ ಕತ್ತಲೆ. ಇದು ಬಿಲ್ ಇಳಿಸುವ ಸಾಧನ, ಕತ್ತಲೆ ಓಡಿಸುವ ಸಾಧನವಲ್ಲ.

ಎರಡನೆಯದು ಆಫ್-ಗ್ರಿಡ್. ಫಲಕವು ಬ್ಯಾಟರಿ ತುಂಬುತ್ತದೆ, ಬ್ಯಾಟರಿಯಿಂದ ನಾವು ಬಳಸುತ್ತೇವೆ. ಹೆಚ್ಚಾದದ್ದು ಲೈನಿಗೆ ಹೋಗುವುದಿಲ್ಲ.

ಮೂರನೆಯದು ಹೈಬ್ರಿಡ್. ನೆಟ್ ಮೀಟರ್ ಜೋಡಣೆಯೂ ಸಾಧ್ಯ, ಬ್ಯಾಟರಿಯೂ ಇರುತ್ತದೆ. ಕರೆಂಟ್ ಹೋದರೆ ಲೈನಿನಿಂದ ಬೇರ್ಪಟ್ಟು ಆಯ್ದ ಸಾಧನಗಳಿಗೆ ಮಾತ್ರ ಕರೆಂಟ್ ಕೊಡುತ್ತದೆ. ಬೆಲೆ ಹೆಚ್ಚು. ಮಾರುವವರು ಬರೇ 'ಸೋಲಾರ್' ಎಂದರೆ ಸಾಲದು. ಈ ಮೂರರಲ್ಲಿ ಯಾವುದು ಎಂದು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಬೇಕು.

ನಮ್ಮ ಹೋಟೆಲಿಗೆ ಎಷ್ಟು ಬೇಕು?

ನಲವತ್ತು ಜನ ಕೂರುವ ಒಂದು ಹೋಟೆಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 20 ವಾಟಿನ 12 ಎಲ್‌ಇಡಿ ಟ್ಯೂಬ್‌ಗಳಿಗೆ 240 ವಾಟ್. 75 ವಾಟಿನ 6 ಫ್ಯಾನುಗಳಿಗೆ 450. ಅಡುಗೆಮನೆಯ ಎಕ್ಸಾಸ್ಟಿಗೆ 250. ಎರಡು ಫ್ರಿಜ್‌ಗಳಿಗೆ, ಕಂಪ್ರೆಸರ್ ಅರ್ಧ ಹೊತ್ತು ಓಡುವುದೆಂದು ಹಿಡಿದರೆ, ಸರಾಸರಿ 300. ಬಿಲ್ಲಿಂಗ್ ಯಂತ್ರ, ಕ್ಯಾಮರಾ, ವೈಫೈಗೆ 200. ಒಟ್ಟು 1440 ವಾಟ್. ಮೂರು ಗಂಟೆ ನಡೆಸಲು 4.32 ಯೂನಿಟ್ ಬೇಕು.

12 ವೋಲ್ಟಿನ 150 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದೆ. ಆದರೆ ಬಾಳಿಕೆ ಬರಬೇಕಾದರೆ ಅರ್ಧದಷ್ಟೇ ಖಾಲಿ ಮಾಡಬೇಕು. ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 0.8 ಯೂನಿಟ್. ಹಾಗಾಗಿ ಆರು ಬ್ಯಾಟರಿ ಬೇಕು. 48 ವೋಲ್ಟಿನ ಇನ್ವರ್ಟರಾದರೆ ನಾಲ್ಕು ನಾಲ್ಕರಂತೆ ಜೋಡಿಸಬೇಕಾದ್ದರಿಂದ ಎಂಟು ಕೊಳ್ಳಬೇಕಾಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ. 90ರವರೆಗೆ ಬಳಸಬಹುದು, ನೀರು ಹಾಕುವ ಕೆಲಸವಿಲ್ಲ, ಲೆಡ್ ಬ್ಯಾಟರಿಗಿಂತ ಹಲವು ಪಟ್ಟು ಹೆಚ್ಚು ಬಾರಿ ತುಂಬಿ ಖಾಲಿ ಮಾಡಬಹುದು. 51.2 ವೋಲ್ಟಿನ 100 ಆಂಪಿಯರ್-ಅವರ್ ಪೆಟ್ಟಿಗೆಯಲ್ಲಿ 5.12 ಯೂನಿಟ್. ನಷ್ಟ ಕಳೆದು ಸುಮಾರು 4.15 ಸಿಗುತ್ತದೆ. ಅಂದರೆ ಮೂರು ಗಂಟೆಗೆ ಸುಮಾರು ಏಳು ನಿಮಿಷ ಕಡಿಮೆ.

ಹಾಗೆಂದು ಎರಡನೆಯ ಪೆಟ್ಟಿಗೆಗೆ ದುಡ್ಡು ಹಾಕುವ ಮೊದಲು ತಲೆ ಎತ್ತಿ ಫ್ಯಾನ್ ನೋಡಿ. 75 ವಾಟಿನ ಜಾಗದಲ್ಲಿ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಆರು ಫ್ಯಾನಿಗೆ 270 ವಾಟ್ ಉಳಿಯಿತು. ಅದೇ ಪೆಟ್ಟಿಗೆ ಈಗ ಮೂರೂವರೆ ಗಂಟೆ ಬರುತ್ತದೆ. ಕರೆಂಟ್ ಇರುವ ದಿನವೂ ಬಿಲ್ ಇಳಿಯುತ್ತದೆ.

ಗ್ರೈಂಡರನ್ನು ಬ್ಯಾಟರಿಗೆ ಜೋಡಿಸಬೇಡಿ. 2 ಎಚ್‌ಪಿ ಮೋಟಾರು ಓಡುವಾಗ ಸುಮಾರು 1500 ವಾಟ್, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಅದಕ್ಕಾಗಿ ಕೊಳ್ಳುವ ದೊಡ್ಡ ಇನ್ವರ್ಟರಿನ ಹಣ ಎಂದೂ ಹುಟ್ಟುವುದಿಲ್ಲ. ರುಬ್ಬುವ ಕೆಲಸ ಕರೆಂಟ್ ಇರುವಾಗಲೇ ಮುಗಿಯಲಿ. ಗೀಸರ್, ಓವನ್, ಏಸಿಗೂ ಇದೇ ಮಾತು.

ಚಾವಣಿ ಯಾರದ್ದು?

ನಮ್ಮಲ್ಲಿ ಬಹಳಷ್ಟು ಹೋಟೆಲುಗಳು ಸೊಸೈಟಿ ಕಟ್ಟಡದ ನೆಲಮಾಳಿಗೆಯ ಗಾಳಾದಲ್ಲಿವೆ. ಟೆರೇಸ್ ಸೊಸೈಟಿಯದ್ದು. 1 ಕಿಲೋವಾಟ್ ಫಲಕಕ್ಕೆ ನೆರಳು ಬೀಳದ ಸುಮಾರು 100 ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ದೊರೆಯುತ್ತದೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಸೊಸೈಟಿಯ ಲಿಖಿತ ಒಪ್ಪಿಗೆ ಇಲ್ಲದೆ ಮುಂಗಡ ಕೊಡಬೇಡಿ. ಒಪ್ಪಿಗೆ ಸಿಗದಿದ್ದರೂ ನಿರಾಶರಾಗಬೇಕಿಲ್ಲ. ಲೈನಿನ ಕರೆಂಟಿನಿಂದಲೇ ತುಂಬುವ ಇನ್ವರ್ಟರ್-ಬ್ಯಾಟರಿ ಕತ್ತಲೆಯ ಸಮಸ್ಯೆಯನ್ನು ನೀಗಿಸುತ್ತದೆ.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ, 3 ಕಿಲೋವಾಟ್ ಮತ್ತು ಮೇಲಿನದಕ್ಕೆ 78,000 ರೂಪಾಯಿ, ವಾಸದ ಮನೆಗೆ ಮಾತ್ರ. ಹೋಟೆಲಿಗೂ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಆದರೆ ನಿಮ್ಮ ಸ್ವಂತ ಮನೆಗೆ ಅದನ್ನು ಪಡೆಯಬಹುದು. ಹೋಟೆಲಿನ ಸಾಧನಕ್ಕೆ ಆದಾಯ ತೆರಿಗೆಯಲ್ಲಿ ಸವಕಳಿ ಎಷ್ಟು ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿ.

ಇಡುವ ಜಾಗ

ಲೆಡ್ ಬ್ಯಾಟರಿ ತುಂಬುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಭಟ್ಟಿ, ಗ್ಯಾಸ್ ಸಿಲಿಂಡರುಗಳ ಬಳಿ ಅದನ್ನು ಇಡುವುದು ಅಪಾಯ. ಗಾಳಿಯಾಡುವ ಜಾಗ ಬೇಕು. ಹುಡುಗರು ಮಲಗುವ ಮಾಳಿಗೆಯಲ್ಲಿ, ಹೊರಹೋಗುವ ಮೆಟ್ಟಿಲ ಕೆಳಗೆ ಯಾವ ಬ್ಯಾಟರಿಯನ್ನೂ ಇಡಬಾರದು. 2005ರ ಜುಲೈ 26ರಂದು ಉಲ್ಹಾಸ್ ನದಿಯ ನೀರು ಕಲ್ಯಾಣಿನ ತಗ್ಗು ಪ್ರದೇಶಗಳಿಗೆ ನುಗ್ಗಿದ್ದನ್ನು ಮರೆಯದೆ, ನೆಲದಿಂದ ಎತ್ತರದಲ್ಲಿ ಕೂರಿಸಿ.

ಕೊನೆಯದಾಗಿ ಒಂದು ಸಲಹೆ. ಪೂರ್ತಿ ಹಣ ಪಾವತಿಸುವ ಮುನ್ನ, ಗಿರಾಕಿ ತುಂಬಿದ ಹೊತ್ತಿನಲ್ಲೇ ಮೈನ್ ಸ್ವಿಚ್ ಆಫ್ ಮಾಡಿಸಿ ನೋಡಿ. ದೀಪ, ಫ್ಯಾನ್, ಎಕ್ಸಾಸ್ಟ್, ಬಿಲ್ಲಿಂಗ್ ನಡೆಯುತ್ತಿದ್ದರೆ ಚೆಕ್ ಬರೆಯಿರಿ. ನಿಂತುಹೋದರೆ, ಕೊಟೇಶನ್ನಿನಲ್ಲಿ ಏನು ಬರೆದಿದೆ ಎಂದು ಅಲ್ಲೇ ಓದಿಸಿ.